ಒಬ್ಬ ಲೇಖಕಿಯ ಹಲವು ಆಸಕ್ತಿಗಳ ಕುರಿತು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಕಾರ್ಕಳದ ಕಡೆಯಿಂದ ತಾವು ಬರೆದ ದೀರ್ಘ ಪತ್ರ ತಲಪಿದೆ. ಅದನ್ನು ಪೂರ್ತಿಯಾಗಿ ಪ್ರಕಟಿಸಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿ ಆಮೇಲೆ ಉತ್ತರಕ್ಕೆ ಬರುತ್ತೇನೆ. ಯಾವ ಸಂಸ್ಥೆಯ ನೌಕರಿಯಲ್ಲೂ ಇಲ್ಲದೆ, ಬರವಣಿಗೆಯನ್ನೇ ನೆಚ್ಚಿಕೊಂಡು ನಮ್ಮ ಪತ್ರಿಕೆಗೆ ಬರೆಯುತ್ತಿರುವ ಲೇಖಕಿಯೊಬ್ಬರ ಬಗ್ಗೆ ತಮಗೆ ಅಸಮಾಧಾನವಿದೆ. ಒಂದು ಸಂಚಿಕೆಯಲ್ಲಿ ಅವರ ಕವಿತೆ ಬಂತು, ಇನ್ನೊಂದರಲ್ಲಿ ಮಧ್ವಾಚಾರ್ಯರ ದ್ವಾದಶಸ್ತೋತ್ರದ ಕುರಿತ ಲೇಖನ, ಮತ್ತೊಂದರಲ್ಲಿ ಮಲ್ಪೆ ಬಂದರಿನ ಮೀನಿನ ಏಲಂ, ಈಗ ತುಳುನಾಡಿನಲ್ಲಿ ಸಿರಿ ಎಂಬ ದೈವದ ಆರಾಧನೆ ನಡೆಯುವ ಸಿರಿ ಜಾತ್ರೆ. ಹೀಗೆ ಎಲ್ಲಿಯೂ ನೆಲೆ ನಿಲ್ಲದವರು ಯಾವುದನ್ನೂ ಆಳವಾಗಿ ತಿಳಿದಿರಲಾರರು ಎಂಬುದು ತಮ್ಮ ಮುಖ್ಯ ಆಕ್ಷೇಪ. ದೇವರು, ದೈವಗಳ ವಿಷಯವನ್ನು ಆ ಪರಂಪರೆಯೊಳಗಿದ್ದು ಅಧ್ಯಯನ ಮಾಡಿದವರಷ್ಟೇ ಬರೆಯಬೇಕೆಂದೂ, ಲೇಖನಕ್ಕಿಷ್ಟು ಎಂದು ಸಂಭಾವನೆ ಪಡೆಯುವವರು ಗಿರಾಕಿ ಕೇಳಿದ್ದನ್ನು ಬರೆದುಕೊಡುತ್ತಾರೆಂದೂ ತಾವು ಹೇಳಿದ್ದೀರಿ. ಕೊನೆಗೆ, ಸಿರಿಯ ಲೇಖನದಲ್ಲಿ ಅವಳ ಅವಳಿ ಮೊಮ್ಮಕ್ಕಳಾದ ಅಬ್ಬಗ ದಾರಗರ ಭಾಗವು ತಾವು ಚಿಕ್ಕಂದಿನಲ್ಲಿ ಮನೆಯ ಹಿರಿಯರಿಂದ ಕೇಳಿದಂತೆ ಇಲ್ಲ ಎಂದೂ ಬರೆದಿದ್ದೀರಿ.

ತಮ್ಮ ಪತ್ರದಲ್ಲಿ ಕಟುಮಾತು ಒಂದೂ ಇಲ್ಲ. ಬರಹದ ಮೇಲಿನ ಕಾಳಜಿಯಿಂದಲೇ ಬಂದ ಪತ್ರವಿದು. ಆದುದರಿಂದ ನಾಲ್ಕು ಸಾಲಿನಲ್ಲಿ ಸಮಜಾಯಿಷಿ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ಮಲ್ಪೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಂದರಿನ ಲೇಖನವನ್ನೂ ಸ್ತೋತ್ರದ ಲೇಖನವನ್ನೂ ಒಬ್ಬರೇ ಬರೆದದ್ದು ತಮಗೆ ಎಲ್ಲಕ್ಕಿಂತ ವಿಚಿತ್ರವಾಗಿ ತೋರಿದೆ. ಪರಂಪರೆಯ ನಂಬಿಕೆಯಂತೆ, ಮಲ್ಪೆಯ ಕಡಲಿನಲ್ಲಿ ಸಂಕಟಕ್ಕೆ ಸಿಕ್ಕಿದ ಹಡಗೊಂದನ್ನು ಶ್ರೀಮಧ್ವಾಚಾರ್ಯರು ದಡಕ್ಕೆ ಬರುವಂತೆ ಮಾಡಿದರು. ಅದರಲ್ಲಿದ್ದ ಗೋಪೀಚಂದನದ ಗಟ್ಟಿಯೊಳಗಿಂದ ಕೃಷ್ಣನ ಮೂರ್ತಿ ದೊರಕಿತು. ಅದನ್ನು ಉಡುಪಿಗೆ ತರುವ ಸಂದರ್ಭದಲ್ಲಿ ದ್ವಾದಶಸ್ತೋತ್ರ ಹುಟ್ಟಿತು. ಇಂದಿಗೂ ಕೃಷ್ಣಮಠದಲ್ಲಿ ನೈವೇದ್ಯದ ವೇಳೆಗೆ ಆ ಸ್ತೋತ್ರವನ್ನು ಹೇಳುತ್ತಾರೆ. ಸರಕು ಹೇರಿದ ಹಡಗು, ಅದನ್ನು ನಡೆಸುವ ನಾವಿಕರು, ಗಾಳಿ, ಮರಳ ದಿಬ್ಬ, ಇವೆಲ್ಲ ಆ ಕಥೆಯಲ್ಲಿ ಮೊದಲೇ ಇವೆ. ವಡಭಾಂಡೇಶ್ವರದ ಬಲರಾಮ ದೇವಸ್ಥಾನದಿಂದ ಈಗಿನ ಮೀನುಗಾರಿಕಾ ಬಂದರು ದೂರವೇನಿಲ್ಲ. ನಮ್ಮ ಲೇಖಕಿ ಆ ಸ್ತೋತ್ರದ ಜಾಡು ಹಿಡಿದು ವಡಭಾಂಡೇಶ್ವರಕ್ಕೆ ಹೋದವರು, ಅಲ್ಲಿ ಕಡಲನ್ನು ನೋಡುತ್ತ ನಿಂತಾಗ ಕಣ್ಣಿಗೆ ಬಿದ್ದದ್ದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಕಾಲದಲ್ಲಿ ದಕ್ಕೆಗೆ ಕಟ್ಟಿದ್ದ ಬೋಟುಗಳ ಸಾಲು. ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಆ ಎರಡು ತಿಂಗಳಲ್ಲಿ ನಾಡದೋಣಿಯವರು ಹೇಗೆ ಬದುಕುತ್ತಾರೆ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರು ಏಲಂನಲ್ಲಿ ಯಾವ ದರಕ್ಕೆ ಕೈ ಹಾಕುತ್ತಾರೆ, ಮಳೆಗಾಲ ಕಳೆದು ಮತ್ತೆ ಕಡಲಿಗಿಳಿಯುವ ಮೊದಲು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವಾಗ ಏನನ್ನು ಬೇಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ಅಲ್ಲಿಯೇ ಹುಟ್ಟಿದವು. ಸ್ತೋತ್ರವನ್ನು ಬಿಟ್ಟು ಅವರು ಮೀನಿನ ಕಡೆಗೆ ಹಾರಲಿಲ್ಲ. ಸ್ತೋತ್ರವೇ ಅವರನ್ನು ಆ ದಡಕ್ಕೆ ಕರೆದೊಯ್ದಿತು ಎಂದು ನಾನು ತಿಳಿದಿದ್ದೇನೆ.

ಈಗ ಸಿರಿಯ ವಿಷಯ. ತಮಗೆ ತಿಳಿದೇ ಇರುವ ಕಥೆಯಾದರೂ ಅದನ್ನು ಕೇಳದ ಓದುಗರೂ ನಮಗಿದ್ದಾರೆ. ಸತ್ಯನಾಪುರದ ಬೆರ್ಮು ಆಳ್ವರಿಗೆ ಇಳಿವಯಸ್ಸಿನಲ್ಲಿ, ಬೆರ್ಮೆರ್ ಎಂಬ ದೈವದ ಅನುಗ್ರಹದಿಂದ, ಹಿಂಗಾರದ (ಅಡಕೆಯ ಹೂಗೊಂಚಲಿನ) ಮೂಲಕ ದೊರೆತ ಮಗಳು ಸಿರಿ. ಬಸ್ರೂರಿನ ಕಾಂತು ಪೂಂಜನ ಹೆಂಡತಿಯಾಗಿ ಹೋದ ಆಕೆ, ತನಗೆ ತರಬೇಕಾದ ಸೀರೆಯನ್ನು ಅವನು ಇನ್ನೊಬ್ಬಳ ಕೈಗೆ ಮೊದಲು ಕೊಟ್ಟ ಅವಮಾನವನ್ನು ನುಂಗಿಕೊಳ್ಳದೆ, ಮದುವೆಯನ್ನೇ ಮುರಿದುಕೊಂಡು ಎಳೆಯ ಮಗು ಕುಮಾರನೊಡನೆ ಹೊರಟುಹೋಗುತ್ತಾಳೆ. ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಅಕ್ಕತಂಗಿಯರು ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯ ಮುಂದೆ ಕುಳಿತು ಆಡುತ್ತಿರುವಾಗ ಹುಟ್ಟಿದ ಜಗಳ ಸಾವಿನಲ್ಲಿ ಕೊನೆಗೊಳ್ಳುತ್ತದೆ. ಈ ಪಾಡ್ದನವನ್ನು, ಅಂದರೆ ತುಳುವಿನ ಕಥನಗೀತೆಯನ್ನು, ಬೆಳ್ತಂಗಡಿ ಸೀಮೆಯ ಕೃಷಿಕ ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದರು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ 15,683 ಸಾಲುಗಳಿದ್ದವು.

ಈ ಸಿರಿಯನ್ನು ನಾನು ಪತ್ರಿಕೆಯ ಯಾವ ಪುಟಕ್ಕೆ ಹಾಕಬೇಕು? ಅದು ಕಾವ್ಯ ಹೌದು; ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಹೆಂಗಸರ ಬಾಯಲ್ಲಿ ಬೆಳೆದ ಕಾವ್ಯ. ಅದು ಆರಾಧನೆಯೂ ಹೌದು. ಹುಣ್ಣಿಮೆಯ ರಾತ್ರಿ ಆಲಡೆಗಳೆಂಬ ಆರಾಧನಾ ತಾಣಗಳಲ್ಲಿ ಹಿಂಗಾರ ಹಿಡಿದ ಹೆಂಗಸರು ಆವೇಶಗೊಂಡು ತಮ್ಮನ್ನು ಸಿರಿಯೆಂದೋ ಸೊನ್ನೆಯೆಂದೋ ದಾರಗನೆಂದೋ ಕರೆದುಕೊಳ್ಳುವಾಗ, ಆ ಹಾಡಿನ ಸಾಲುಗಳೇ ಅವರ ಮಾತಾಗುತ್ತವೆ. ಅಷ್ಟೇ ಮಟ್ಟಿಗೆ ಅದು ಊರಿನ ಬದುಕಿನ ಲೆಕ್ಕಪತ್ರ: ಭೂಮಿ ಯಾರಿಗೆ ಸೇರಬೇಕು, ಸೀಮಂತದ ಸೀರೆ ಯಾರು ತರಬೇಕು, ಗಂಡನ ಮನೆಯಲ್ಲಿ ಮರ್ಯಾದೆ ಸಿಗದ ಹೆಣ್ಣು ಏನು ಮಾಡಬಹುದು ಎಂಬ ಪ್ರಶ್ನೆಗಳೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಕಾವ್ಯದ ಪಂಡಿತರೊಬ್ಬರಿಗೆ, ಧರ್ಮದ ಪಂಡಿತರೊಬ್ಬರಿಗೆ, ಸಮಾಜದ ಪಂಡಿತರೊಬ್ಬರಿಗೆ ಇದನ್ನು ಪಾಲು ಮಾಡಿ ಹಂಚಿದರೆ ಮೂರು ಒಳ್ಳೆಯ ಲೇಖನಗಳು ಸಿಗಬಹುದು, ಆದರೆ ಜಾತ್ರೆಯ ಗದ್ದೆಯ ಅಂಚಿನಲ್ಲಿ ರಾತ್ರಿಯಿಡೀ ಕುಳಿತು, ಆವೇಶ ಇಳಿದ ಮೇಲೆ ಬೆಳಗಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸಿನ ಜೊತೆ ಅವಳ ತವರುಮನೆಯ ಮಾತಾಡಿದ ಬರಹ ಸಿಗಲಾರದು. ನಮ್ಮ ಲೇಖಕಿ ಕೊಟ್ಟದ್ದು ಅದನ್ನು. ಕವಿತೆ ಬರೆಯುವ ಅಭ್ಯಾಸ ಇಲ್ಲದಿದ್ದರೆ, ಪಾಡ್ದನದಲ್ಲಿ ಒಂದೇ ಸಾಲು ಸ್ವಲ್ಪ ಸ್ವಲ್ಪ ಬದಲಾಗಿ ಮರಳಿ ಬರುವುದನ್ನು ಅವರ ಕಿವಿ ಹಿಡಿಯುತ್ತಿತ್ತೇ ಎಂಬುದು ನನಗೆ ಅನುಮಾನ.

ಸಿರಿ ಜಾತ್ರೆಗೆ ಹೆಸರಾದ ಊರುಗಳಲ್ಲಿ ನಂದಳಿಕೆಯೂ ಒಂದು. ಅದೇ ಊರಿನಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. 1901ರಲ್ಲಿ ಕ್ಷಯರೋಗದಿಂದ ತೀರಿಕೊಳ್ಳುವ ಹೊತ್ತಿಗೆ ಯಕ್ಷಗಾನ ಪ್ರಸಂಗ, ಷಟ್ಪದಿ ಕಾವ್ಯ, ಹಳಗನ್ನಡ ಗದ್ಯ ಮೂರರಲ್ಲೂ ಕೈಯಾಡಿಸಿ, ತಮ್ಮ ಹೆಸರನ್ನೂ ಮರೆಮಾಡಿ ಹೋದರು. ಅವರನ್ನು ನಾವು ಮುದ್ದಣನೆಂದು ಪೂಜ್ಯಭಾವದಿಂದ ನೆನೆಯುತ್ತೇವೆ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುವವರು ರಾಮಾಶ್ವಮೇಧಕ್ಕೆ ಏಕೆ ಕೈ ಹಾಕಬೇಕು ಎಂದು ಆಗ ಯಾರಾದರೂ ಕೇಳಿ ತಡೆದಿದ್ದರೆ ನಷ್ಟ ಯಾರಿಗಾಗುತ್ತಿತ್ತು? ನಮ್ಮ ಲೇಖಕಿಯನ್ನು ಮುದ್ದಣನ ಸಾಲಿಗೆ ಸೇರಿಸುವ ಉದ್ದೇಶ ನನಗಿಲ್ಲ, ಅವರಿಗೂ ಅದು ಇಷ್ಟವಾಗದು. ಆದರೆ ಒಬ್ಬ ಬರಹಗಾರರ ಆಸಕ್ತಿ ಹಲವು ಕಡೆ ಹರಿಯುವುದನ್ನೇ ಕೊರತೆಯೆಂದು ಎಣಿಸುವ ಪದ್ಧತಿ ಈ ಕರಾವಳಿಯ ಸಾಹಿತ್ಯಕ್ಕೆ ಹೊಸತು.

ಪರಂಪರೆಯ ಒಳಗಿನವರೇ ಬರೆಯಬೇಕೆಂಬ ಮಾತಿಗೆ ಬರುತ್ತೇನೆ. ಇದರಲ್ಲಿ ನಾನು ಒಪ್ಪುವ ಭಾಗವೂ ಇದೆ. ದ್ವಾದಶಸ್ತೋತ್ರದ ತತ್ತ್ವಾರ್ಥವನ್ನು ವಿವರಿಸಲು ಗುರುಮುಖದಿಂದ ಮಾಧ್ವಶಾಸ್ತ್ರ ಓದಿದವರೇ ಬೇಕು. ನಮ್ಮ ಲೇಖಕಿ ಆ ಕೆಲಸಕ್ಕೆ ಹೋಗಲಿಲ್ಲ. ಸ್ತೋತ್ರ ಎಲ್ಲಿ, ಯಾವಾಗ, ಯಾರ ದನಿಯಲ್ಲಿ ಕೇಳಿಬರುತ್ತದೆ, ಅರ್ಥ ತಿಳಿಯದ ಭಕ್ತರೂ ಅದರ ಲಯಕ್ಕೆ ಹೇಗೆ ಮನಸೋಲುತ್ತಾರೆ ಎಂಬಷ್ಟಕ್ಕೇ ಅವರು ನಿಂತರು, ಅರ್ಥದ ಪ್ರಶ್ನೆ ಬಂದ ಕಡೆಗಳಲ್ಲಿ ವಿದ್ವಾಂಸರನ್ನು ಕೇಳಿ ಬರೆದರು. ಈ ಗೆರೆಯನ್ನು ಅವರು ದಾಟಿದ್ದರೆ ಆ ಲೇಖನವನ್ನು ನಾನು ಅಚ್ಚಿಗೆ ಕೊಡುತ್ತಿರಲಿಲ್ಲ.

ಆದರೆ ಹೊರಗೆ ನಿಂತು ಪ್ರೀತಿಯಿಂದ ಕಂಡದ್ದಕ್ಕೂ ಒಂದು ಸ್ಥಾನವಿದೆ. ಮಂಜೇಶ್ವರದ ಗೋವಿಂದ ಪೈಗಳು ಕೊಂಕಣಿ ಮನೆಮಾತಿನವರು, ಗೌಡ ಸಾರಸ್ವತ ಬ್ರಾಹ್ಮಣ ಮನೆತನದವರು. ಅವರು ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಕನ್ನಡಕ್ಕೆ ಕೊಟ್ಟರು, ಅದರ ಜೊತೆಗೇ ತುಳುನಾಡಿನ ಇತಿಹಾಸದ ಸಂಶೋಧನೆಯನ್ನೂ ನಡೆಸಿದರು. ಇನ್ನೂ ಹಿಂದಕ್ಕೆ ಹೋದರೆ, ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದವರು ಮ್ಯಾನರ್ ಎಂಬ ಪಾದ್ರಿಗಳು. ಭೂತಾರಾಧನೆಯನ್ನು ಅವರು ಒಪ್ಪಿದವರಲ್ಲ. ಆದರೂ ಆ ಪುಸ್ತಕವನ್ನು ಬದಿಗಿಟ್ಟು ಇಂದು ಪಾಡ್ದನದ ಅಧ್ಯಯನ ಮಾಡಲಾಗದು. ನಮ್ಮ ಲೇಖಕಿಯಾದರೋ ಇದೇ ಮಣ್ಣಿನವರು. ಮೇರಿ ಮಾತೆಯ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕ್ರೈಸ್ತ ಮನೆಗಳಿಗೆ ಹೋಗುವ ಹೊಸ ತೆನೆಯೂ, ತಮ್ಮ ಮನೆಯ ಬಾಗಿಲಿಗೂ ಕಣಜಕ್ಕೂ ಕಟ್ಟುವ ತೆನೆಯೂ ಒಂದೇ ಬೈಲಿನದು ಎಂದು ನೋಡಿ ಬೆಳೆದವರು. ಅಂಥವರು ಅಕ್ಕಪಕ್ಕದ ಮನೆಯ ನಂಬಿಕೆಯ ಬಗ್ಗೆ ಬರೆಯಬೇಡಿ ಎಂದರೆ, ತಾವು ಕಂಡ ಊರಿನ ಅರ್ಧಭಾಗವನ್ನು ಬಿಟ್ಟು ಬರೆಯಿರಿ ಎಂದಂತೆ.

ನಂಬಿಕೆಯ ವಿಷಯದಲ್ಲಿ ನಾನು ಕೇಳುವುದು ಬರಹಗಾರರ ಜಾತಿಯನ್ನಾಗಲಿ ಪದವಿಯನ್ನಾಗಲಿ ಅಲ್ಲ. ಅವರು ನೋಡಿದ್ದು ಯಾವುದು, ಯಾರಿಂದ ಕೇಳಿದ್ದು ಯಾವುದು, ಪುಸ್ತಕದಲ್ಲಿ ಓದಿದ್ದು ಯಾವುದು ಎಂಬುದು ಬರಹದಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಸಿರಿಯ ಲೇಖನದ ಹಸ್ತಪ್ರತಿಯಲ್ಲಿ ಇದು ಸ್ಪಷ್ಟವಾಗಿತ್ತು. ಆವೇಶದಲ್ಲಿದ್ದ ಹೆಂಗಸರ ಚಿತ್ರ ತೆಗೆಯಲು ಅವರು ಒಪ್ಪಲಿಲ್ಲ, ಒಬ್ಬರ ಹೆಸರನ್ನೂ ಬರೆಯಲಿಲ್ಲ. ದೈವಾರಾಧನೆಯ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ, ವೇದಿಕೆಗಳ ಮೇಲೆ ದೈವದ ಅನುಕರಣೆ ನಡೆದು ಭಕ್ತರ ಮನಸ್ಸು ನೊಂದಿರುವ ಈ ಕಾಲದಲ್ಲಿ, ಆ ಸಂಯಮ ಎಷ್ಟು ದೊಡ್ಡದೆಂದು ತಮಗೆ ಬೇರೆ ಹೇಳಬೇಕಾಗಿಲ್ಲ. ಅಧ್ಯಯನ ಎಂದು ತಾವು ಹೇಳುವುದರಲ್ಲಿ ಇದೂ ಸೇರಿದೆ ಎಂದು ನಾನು ನಂಬಿದ್ದೇನೆ.

ಸಂಭಾವನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರಾತ್ರಿಯಿಡೀ ನಡೆಯುವ ದೈವದ ನೇಮಕ್ಕೋ ಜಾತ್ರೆಗೋ ಹೋಗಿ ಬಂದು, ಹಾಡಿದ್ದನ್ನು ತುಳುವಿನಿಂದ ಸಾಲುಸಾಲಾಗಿ ಬರೆದುಕೊಂಡು, ಅದನ್ನು ಮತ್ತೆ ಹಾಡುಗಾರರಿಗೆ ಓದಿ ಹೇಳಿ ಸರಿಪಡಿಸಿಕೊಂಡು ಬರೆಯುವ ಲೇಖನಕ್ಕೆ ನಮ್ಮಂಥ ಪತ್ರಿಕೆ ಕೊಡಬಲ್ಲದ್ದು ಶ್ರಮಕ್ಕೆ ಸಾಟಿಯಾಗುವ ಮೊತ್ತವೇನೂ ಅಲ್ಲ. ಡಿಸೆಂಬರಿನ ರಜೆಗೆ ಮುಂಚೆ ಕಡಲತೀರಗಳ ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ನಾವಾಗಿಯೇ ಕೇಳಿದಾಗ ಅವರು ವಿನಯದಿಂದ ಬೇಡವೆಂದು ಹೇಳಿ, ಆ ಜಾಗಕ್ಕೆ ಮಲ್ಪೆಯ ಏಲಂ ಬರೆಯಲೇ ಎಂದು ಕೇಳಿದರು. ಕೇಳಿದ್ದನ್ನು ಬರೆದುಕೊಡುವವರು ಎಂಬ ಮಾತು ಅವರಿಗೆ ಹೊಂದುವುದಿಲ್ಲ.

ಇನ್ನು ಅಬ್ಬಗ ದಾರಗರ ಭಾಗ. ನಿಜ ಹೇಳಬೇಕೆಂದರೆ, ತಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ನಾಲ್ಕು ಸಾಲು. ಪಾಡ್ದನ ಊರಿಂದ ಊರಿಗೆ, ಹಾಡುಗಾರ್ತಿಯಿಂದ ಹಾಡುಗಾರ್ತಿಗೆ ಬೇರೆಯಾಗುತ್ತದೆ. ಆದುದರಿಂದ ತಾವು ಕೇಳಿದ್ದೂ ಲೇಖಕಿ ಬರೆದದ್ದೂ ಎರಡೂ ಸರಿಯಿರಲು ಸಾಧ್ಯ. ಲೇಖಕಿಗೆ ಹಾಡಿದ ಹಾಡುಗಾರ್ತಿ ಯಾವ ಕಡೆಯವರೆಂದು ಲೇಖನದಲ್ಲೇ ಹೇಳಿದೆ. ತಮ್ಮ ಮನೆಯ ಪಾಠ ಎಲ್ಲಿಯೂ ಅಚ್ಚಾಗಿರದಿದ್ದರೆ ಅದನ್ನು ಉಳಿಸಿಕೊಳ್ಳಬೇಕಾದದ್ದು ಈಗಲೇ.

ಅದಕ್ಕಾಗಿ ತಮ್ಮಲ್ಲಿ ಒಂದು ಕೋರಿಕೆ. ನೆನಪಿರುವಷ್ಟು ಸಾಲುಗಳನ್ನು, ತುಳುವಿನಲ್ಲಿಯೇ, ಹಾಡುತ್ತಿದ್ದ ಕ್ರಮದಲ್ಲಿಯೇ ಬರೆದು ಕಳುಹಿಸಿ. ಸಾಲು ಮರೆತ ಕಡೆ ಜಾಗ ಬಿಡಿ, ಕಥೆಯನ್ನು ಗದ್ಯದಲ್ಲಿ ತುಂಬಿಸುವ ಅಗತ್ಯವಿಲ್ಲ. ಹಾಡಿದ ಹಿರಿಯರು ಮದುವೆಯಾಗಿ ಬಂದದ್ದು ಯಾವ ಊರಿಂದ, ಹಾಡನ್ನು ಕಲಿತದ್ದು ತವರಿನಲ್ಲೋ ಇಲ್ಲಿಯ ಗದ್ದೆಯಲ್ಲೋ ಎಂಬುದು ಗೊತ್ತಿದ್ದರೆ ಅದನ್ನೂ ಸೇರಿಸಿ. ತಮ್ಮ ಆಕ್ಷೇಪವನ್ನು ಲೇಖಕಿಗೆ ಓದಿ ಹೇಳಿದಾಗ, ಆ ಭಾಗವನ್ನು ತಮ್ಮ ಬಾಯಿಂದಲೇ ಕೇಳಲು ಬರಬಹುದೇ ಎಂದು ಅವರು ವಿಚಾರಿಸಿದರು. ತಮಗೆ ಒಪ್ಪಿಗೆಯಿದ್ದರೆ ಅನುಕೂಲವಾದ ದಿನವನ್ನು ತಿಳಿಸಿ; ತಮ್ಮ ಪಾಠವನ್ನೂ ಅವರು ಕೇಳಿದ ಪಾಠವನ್ನೂ ಮುಂದಿನ ಸಂಚಿಕೆಯೊಂದರಲ್ಲಿ ಎದುರುಬದುರು ಪುಟಗಳಲ್ಲಿ ಪ್ರಕಟಿಸುತ್ತೇನೆ.

ಗೌರವಗಳೊಂದಿಗೆ,
ಸಂಪಾದಕ
ಉಡುಪಿ