ಸಾಕಿದವರಿಂದಲೇ ಇಡೀ ಆಡು ಕೊಂಡು ಪಾಲು ಹಾಕಿಕೊಳ್ಳುವುದು ಲಾಭವೇ?

ತೀರ್ಥಹಳ್ಳಿ ಕಡೆಯ ಸಣ್ಣ ಸಾಕಣೆದಾರರಿಂದ ನಾಲ್ಕೈದು ಮನೆಯವರು ಸೇರಿ ಇಡೀ ಆಡನ್ನು ಕೊಂಡು ಗುಡ್ಡೆ ಹಾಕಿಸಿಕೊಂಡರೆ ಅಂಗಡಿಗಿಂತ ಅಗ್ಗವಾಗುತ್ತದೆಯೇ ಎಂದು ಕೇಳಿದ್ದೀರಿ. ಆಗಬಹುದು, ಆದರೆ ಲೆಕ್ಕವನ್ನು ಜೀವತೂಕದ ಮೇಲೆ ಮಾಡಬಾರದು. 24 ಕಿಲೋ ತೂಗುವ ಆಡಿನಲ್ಲಿ ಚರ್ಮ, ತಲೆ, ಕಾಲು, ಒಳಭಾಗಗಳನ್ನು ಕಳೆದರೆ ಮೂಳೆಸಹಿತ ಮಾಂಸ ಸಿಗುವುದು ಹೆಚ್ಚುಕಡಿಮೆ 11 ಕಿಲೋ ಮಾತ್ರ. ಆದ್ದರಿಂದ ಕೊಟ್ಟ ಹಣಕ್ಕೆ ಕೊಯ್ಯುವವರ ಕೂಲಿಯನ್ನೂ ಸೇರಿಸಿ, ಈ 11 ಕಿಲೋದಿಂದ ಭಾಗಿಸಿ ಬರುವ ದರವನ್ನೇ ಅಂಗಡಿಯ ದರದೊಂದಿಗೆ ಹೋಲಿಸಬೇಕು. ತಲೆ, ಕಾಲು, ಬೋಟಿ ಯಾರಿಗೆಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮನಸ್ತಾಪ ಬರುವುದು ಹೆಚ್ಚಾಗಿ ಅಲ್ಲಿಯೇ.

ತೂಕವನ್ನು ಬೆಳಿಗ್ಗೆ ಮೇವು, ನೀರು ಕೊಡುವ ಮುನ್ನ ಮಾಡಿಸಿ, ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಸೊಪ್ಪಿಗೂ ಹಣ ಕೊಟ್ಟಂತಾಗುತ್ತದೆ. ಕೆಳದವಡೆಯ ನಡುವಿನ ಎರಡು ಹಲ್ಲುಗಳು ಅಗಲವಾಗಿ ಎದ್ದಿದ್ದರೆ ಪ್ರಾಯ ಒಂದು ವರ್ಷ ದಾಟಿದೆ. ಎಲ್ಲವೂ ಸಣ್ಣ ಹಾಲುಹಲ್ಲುಗಳಾಗಿದ್ದರೆ ಮಾಂಸ ಎಳೆಯದು. ಮಳೆಗಾಲದಲ್ಲಿ ಗೊರಸಿನ ಸಂದನ್ನೂ ಬಿಡಿಸಿ ನೋಡಿ, ಮಲೆನಾಡಿನ ಕೆಸರಿನಲ್ಲಿ ಅಲ್ಲಿ ಹುಣ್ಣಾಗುವುದುಂಟು. ಇತ್ತೀಚೆಗೆ ಚುಚ್ಚುಮದ್ದು, ಜಂತುಮದ್ದು ಕೊಟ್ಟಿದ್ದಾರೆಯೇ ಎಂದು ತಪ್ಪದೇ ವಿಚಾರಿಸಿ, ಏಕೆಂದರೆ ಅನೇಕ ಔಷಧಿಗಳಿಗೆ ಮಾಂಸ ಬಳಸುವ ಮುನ್ನ ಕಾಯಬೇಕಾದ ಅವಧಿ ಇರುತ್ತದೆ.

ತಂದ ಮಾಂಸವನ್ನು ತಕ್ಷಣ ಫ್ರೀಜರಿಗೆ ತುಂಬದೆ, ಒಂದು ರಾತ್ರಿ ಫ್ರಿಜ್ಜಿನ ಕೆಳಖಾನೆಯಲ್ಲಿಟ್ಟು ಮರುದಿನ ಫ್ರೀಜರಿಗೆ ಹಾಕಿದರೆ ಬೇಯಿಸಿದಾಗ ಮೆತ್ತಗಿರುತ್ತದೆ.