ಲವೇಜ್ ಬೇರಿನ ಕಷಾಯ ಮತ್ತು ಕಾಲಿನ ಊತ

ಲವೇಜ್ (ಸೆಲರಿಯಂಥ ಒಂದು ಸೊಪ್ಪಿನ ಗಿಡ) ಬೇರಿನ ಕಷಾಯ ಕುಡಿದರೆ ಅಮ್ಮನ ಕಾಲಿನ ಊತ ಇಳಿಯುತ್ತಾ ಅಂತ ಕೇಳಿದ್ದೀರಿ. ಊತ ಯಾಕೆ ಬಂದಿದೆ ಅಂತ ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ಬಂದ ಊತಕ್ಕೆ ಇದನ್ನು ಕುಡಿಯಲೇಬಾರದು.

ಯುರೋಪಿನ ಮನೆಮದ್ದಿನಲ್ಲಿ ಈ ಗಿಡ ತುಂಬಾ ಹಳೆಯದು. ಹೊಟ್ಟೆ ಉಬ್ಬರಕ್ಕೆ ಕೊಡುತ್ತಿದ್ದರು. ಅದಕ್ಕಿಂತ ಜಾಸ್ತಿ, ಮೂತ್ರ ಸಲೀಸಾಗಿ ಹೋಗಲಿ ಅಂತ. ಗಿಡಮೂಲಿಕೆ ಮದ್ದುಗಳನ್ನು ಪರಿಶೀಲಿಸುತ್ತಿದ್ದ ಜರ್ಮನಿಯ ಸರ್ಕಾರಿ ತಜ್ಞರ ಸಮಿತಿ ‘ಕಮಿಷನ್ ಇ’ ಕೂಡ ಮೂತ್ರನಾಳದ ಉರಿಯೂತಕ್ಕೆ ಇದನ್ನು ಒಪ್ಪಿತ್ತು: ದಿನಕ್ಕೆ 4ರಿಂದ 8 ಗ್ರಾಂ ಒಣಬೇರು, ಜೊತೆಗೆ ಧಾರಾಳವಾಗಿ ನೀರು. ಆ ನೀರೂ ಮದ್ದೇ ಅಲ್ವಾ? ಕುಡಿಯುವಷ್ಟು ದಿನ ಬಿಸಿಲು ಕಡಿಮೆ ಇರಲಿ, ಚರ್ಮ ಬೇಗ ಸುಡಬಹುದು. ಗರ್ಭಿಣಿಯರಿಗಂತೂ ಬೇಡ.

ಸೂಪಿಗೆ ನಾಲ್ಕು ಎಲೆ ಹಾಕುವುದು ಬೇರೆ ಮಾತು, ಅದಕ್ಕೆ ಹೆದರಬೇಡಿ.