ಗುತ್ತಿ ಮತ್ತು ತಿಮ್ಮಿಯ ಕಥೆಯನ್ನು ಪ್ರೇಮಕಾದಂಬರಿ ಎಂದು ಓದಬಹುದೇ?

ರಾಜರೂ ರಾಣಿಯರೂ ಇಲ್ಲದ, ಆದರೂ ಹಿಂದಿನ ಕಾಲದಲ್ಲಿ ನಡೆಯುವ ಪ್ರೇಮಕಾದಂಬರಿಯೊಂದನ್ನು ಓದಬೇಕೆಂದಿದ್ದೀರಿ. ಅದಕ್ಕಾಗಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಕೈಗೆತ್ತಿಕೊಳ್ಳಬಹುದೇ, ಓದಿದವರಲ್ಲಿ ಕೆಲವರು ಅದು ಪ್ರೇಮಕಥೆಯೇ ಅಲ್ಲ ಎನ್ನುವುದೇಕೆ ಎಂದು ಕೇಳಿದ್ದೀರಿ. ಖಂಡಿತವಾಗಿ ಓದಿ ಎಂಬುದು ನನ್ನ ಉತ್ತರ. ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಅದೇ ಪ್ರಶ್ನೆಯ ಮೇಲೆ ನಾವು ಹನ್ನೊಂದು ಜನ ಒಂದು ಇಡೀ ಮಳೆಗಾಲ ವಾದಿಸಿದ್ದೇವೆ.

ಕೊಡಗಿನ ಪೊನ್ನಂಪೇಟೆಗೆ ಸಮೀಪದ ನಮ್ಮ ಊರಿನಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಸೇರಿ, ಸರದಿಯಂತೆ ಗಟ್ಟಿಯಾಗಿ ಓದುವ ಪದ್ಧತಿಯೊಂದನ್ನು ಇಟ್ಟುಕೊಂಡಿದ್ದೇವೆ. ಕಾಫಿ ಬೆಳೆಗಾರರು, ಇಬ್ಬರು ಶಿಕ್ಷಕಿಯರು, ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದು ಈಗ ಪದವಿ ಓದುತ್ತಿರುವ, ಯರವ ಎಂಬ ಆದಿವಾಸಿ ಸಮುದಾಯದ ಒಬ್ಬ ಹುಡುಗಿ, ಹೀಗೆ ಎಲ್ಲ ಬಗೆಯವರೂ ಬರುತ್ತಾರೆ. ಕಕ್ಕಡ ತಿಂಗಳಿನಲ್ಲಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಓದುವವರು ಕೂಗಿಯೇ ಓದಬೇಕಾಗುತ್ತಿತ್ತು. ಆರುನೂರಕ್ಕೂ ಹೆಚ್ಚು ಪುಟಗಳ ಆ ಪುಸ್ತಕವನ್ನು ಮುಗಿಸುವಷ್ಟರಲ್ಲಿ ಗದ್ದೆಯ ನಾಟಿ ಮುಗಿದು, ಅದರ ನಂತರ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಕೂಡ ಕಳೆದಿತ್ತು.

ನಮ್ಮ ಜಿಲ್ಲೆಯಲ್ಲಿ ಐತಿಹಾಸಿಕ ಕಾದಂಬರಿ ಎಂದೊಡನೆ ಜನರಿಗೆ ನೆನಪಾಗುವುದು ಕೊಡಗನ್ನಾಳಿದ ಹಾಲೇರಿ ಅರಸರ ಕೊನೆಗಾಲ, ಮಡಿಕೇರಿಯ ಕೋಟೆ, 1834ರಲ್ಲಿ ಇಂಗ್ಲಿಷರ ವಶವಾದ ರಾಜ್ಯ. ಆ ನಿರೀಕ್ಷೆಯಿಂದ ಬಂದವರಿಗೆ 1967ರಲ್ಲಿ ಪ್ರಕಟವಾದ ಈ ಕಾದಂಬರಿ ಮೊದಲ ದಿನವೇ ಗಲಿಬಿಲಿ ಉಂಟುಮಾಡಿತು. ಇಲ್ಲಿ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಸ್ವಾಮಿ ವಿವೇಕಾನಂದರು 1893ರಲ್ಲಿ ಷಿಕಾಗೋದಲ್ಲಿ ಮಾತನಾಡಿದ ಸಂದರ್ಭವೂ ಪ್ರಸ್ತಾಪವಾಗುತ್ತದೆ. ಆದರೆ ಕಥೆ ತೀರ್ಥಹಳ್ಳಿ ಸೀಮೆಯ ಕಾಡಿನಲ್ಲಿ, ಒಬ್ಬ ಜೀತದಾಳಿನ ನಡಿಗೆಯಿಂದ ಆರಂಭವಾಗುತ್ತದೆ. ಅವನೇ ಸಿಂಬಾವಿ ಭರಮೈ ಹೆಗ್ಗಡೆಯವರ ಆಳು ಗುತ್ತಿ. ಹಿಂದೆ ಮುಂದೆ ಅವನ ನಾಯಿ ಹುಲಿಯ ಇದ್ದೇ ಇರುವುದರಿಂದ ಅವನು ನಾಯಿಗುತ್ತಿ. ಒಡೆಯರ ಕೆಲಸದ ಮೇಲೆ ಹೊರಟ ಈತನ ಮನಸ್ಸಿನಲ್ಲಿರುವುದು ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಬರುವ ಯೋಚನೆ. ಅವಳನ್ನು ಬೇರೊಬ್ಬನಿಗೆ ಕೊಡಿಸಬೇಕೆಂದು ಅಲ್ಲಿನ ಗೌಡರು ನಿಶ್ಚಯಿಸಿದ್ದಾರೆ.

ಓದಿದವರಲ್ಲಿ ಹೆಚ್ಚಿನವರು ಕಾದಂಬರಿಯ ನಾಯಕ ನಾಯಕಿಯರೆಂದು ಮುಕುಂದಯ್ಯ ಮತ್ತು ಚಿನ್ನಮ್ಮರನ್ನು ಹೆಸರಿಸುತ್ತಾರೆ. ನಮ್ಮ ಗುಂಪಿನ ಹಿರಿಯ ಶಿಕ್ಷಕಿಯೂ ಹಾಗೆಯೇ ವಾದಿಸಿದರು. ಹೂವಳ್ಳಿಯ ಚಿನ್ನಮ್ಮ, ಈಗಾಗಲೇ ಹೆಂಡತಿಯಿರುವ ಭರಮೈ ಹೆಗ್ಗಡೆಯೊಡನೆ ನಿಶ್ಚಯವಾದ ಮದುವೆಯನ್ನು ತಪ್ಪಿಸಿಕೊಳ್ಳಲು ರಾತ್ರಿ ಕಾಡಿಗೆ ಓಡಿಹೋಗುವ ಭಾಗವನ್ನು ಅವರು ಎರಡು ಸಲ ಓದಿಸಿದರು. ಆ ಭಾಗ ಅದ್ಭುತವಾಗಿದೆ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಗುತ್ತಿ ತಿಮ್ಮಿಯರನ್ನು ಅವರಿಬ್ಬರ ಪಕ್ಕದ ಉಪಕಥೆಯೆಂದು ಓದುವವರು ಕಾದಂಬರಿಯ ಅರ್ಧವನ್ನು ಕಳೆದುಕೊಳ್ಳುತ್ತಾರೆ ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ತನ್ನ ಕಾದಂಬರಿಯಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲ ಪುಟದಲ್ಲಿಯೇ ಓದುಗರಿಗೆ ತಿಳಿಸಿದ್ದಾರೆ. ಆ ಮಾತನ್ನು ಅಲಂಕಾರವೆಂದು ಭಾವಿಸದೆ ಅಕ್ಷರಶಃ ನಂಬಬೇಕು.

ಪ್ರೇಮಕಥೆಯೇ ಅಲ್ಲ ಎನ್ನುವವರ ಆಕ್ಷೇಪ ಸಾಮಾನ್ಯವಾಗಿ ಹೀಗಿರುತ್ತದೆ: ಗುತ್ತಿ ಪ್ರೀತಿಯ ಮಾತನ್ನೇ ಆಡುವುದಿಲ್ಲ, ಅವನು ಬರೀ ನಡೆಯುತ್ತಾನೆ, ಗುಡ್ಡ ಹತ್ತುತ್ತಾನೆ, ನಾಯಿಯನ್ನು ಗದರುತ್ತಾನೆ, ಮಳೆಯಲ್ಲಿ ನೆನೆಯುತ್ತಾನೆ. ನಮ್ಮಲ್ಲಿ ಒಬ್ಬ ಬೆಳೆಗಾರರು ಮೂರನೆಯ ವಾರದಲ್ಲಿ ಇದನ್ನೇ ಬೇಸರದಿಂದ ಹೇಳಿದಾಗ, ಅದುವರೆಗೆ ಹೆಚ್ಚು ಮಾತನಾಡದಿದ್ದ ಆ ಪದವಿ ವಿದ್ಯಾರ್ಥಿನಿ ಪುಟದ ಮೇಲೆ ಬೆರಳಿಟ್ಟುಕೊಂಡೇ ಉತ್ತರಿಸಿದಳು. ತನ್ನ ಅಜ್ಜಿಯ ಕಾಲದಲ್ಲಿ ಒಂದು ತೋಟದ ಹುಡುಗಿ ಇನ್ನೊಂದು ತೋಟದ ಹುಡುಗನನ್ನು ಮದುವೆಯಾಗಬೇಕಾದರೆ ತೋಟದ ಮಾಲೀಕರಿಂದ ಪಡೆದ ಮುಂಗಡದ ಲೆಕ್ಕ ಮೊದಲು ತೀರಬೇಕಾಗಿತ್ತು, ಹುಡುಗಿ ಹೊರಟರೆ ಒಂದು ಆಳು ಕಡಿಮೆಯಾಯಿತೆಂದು ಮಾಲೀಕರು ಎಣಿಸುತ್ತಿದ್ದರು ಎಂದಳು. “ತನ್ನ ಕಾಲು ಎಲ್ಲಿಗೆ ಹೋಗಬೇಕೆಂದು ಇನ್ನೊಬ್ಬರು ಹೇಳುವಾಗ, ಅವಳಿರುವ ಕಡೆಗೆ ನಡೆಯುವುದೇ ಅವನ ಮಾತು ಅಲ್ಲವಾ, ಸಾರ್?” ಎಂದು ಕೇಳಿದಳು. ಆ ಬೆಳೆಗಾರರು ಏನನ್ನೂ ಹೇಳಲಿಲ್ಲ. ನಾನು ಆ ದಿನದಿಂದ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದತೊಡಗಿದೆ.

ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ, ಅಂದರೆ ಈ ಕಾದಂಬರಿ ಪ್ರಕಟವಾದ ಒಂಬತ್ತು ವರ್ಷಗಳ ಅನಂತರ. ಗುತ್ತಿಗೆ ತನ್ನ ಹಗಲಿನ ಮೇಲೆ ಹಕ್ಕಿಲ್ಲ, ತಿಮ್ಮಿಗೆ ತನ್ನ ಮದುವೆಯ ಮೇಲೆ ಹಕ್ಕಿಲ್ಲ. ಇಂಥವರು ಹೂದೋಟದಲ್ಲಿ ಕುಳಿತು ಸಂಭಾಷಿಸುವುದು ಸಾಧ್ಯವೇ? ಕಥನ ನಿಧಾನವಾಗಿ, ಅಡ್ಡದಾರಿಗಳಲ್ಲಿ ಸುತ್ತಿ ಸುತ್ತಿ ಸಾಗುವುದನ್ನು ಹಲವರು ದೋಷವೆಂದು ಕಾಣುತ್ತಾರೆ. ನನಗಾದರೋ ಆ ಸುತ್ತುದಾರಿಯೇ ಅವರ ಪ್ರೇಮದ ಸ್ವರೂಪವೆಂದು ತೋರುತ್ತದೆ: ಪ್ರತಿಯೊಂದು ಮನೆಯ ಅಂಗಳದಲ್ಲಿ ದೂರ ನಿಂತು, ಕರೆದಾಗ ಮಾತ್ರ ಮುಂದೆ ಬಂದು, ಕೊಟ್ಟ ಕೆಲಸ ಮುಗಿಸಿಕೊಂಡೇ ಅವನು ತನ್ನ ಸ್ವಂತ ಕೆಲಸಕ್ಕೆ ಹೋಗಬೇಕು.

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಚಿನ್ನಮ್ಮನ ತಳಮಳಕ್ಕೆ ದೊರೆತಷ್ಟು ಅವಕಾಶ ತಿಮ್ಮಿಯ ಒಳಮನಸ್ಸಿಗೆ ದೊರೆತಿಲ್ಲ. ಹಾರಿಸಿಕೊಂಡು ಹೋಗುವುದು ಎಂಬ ಮಾತಿನಲ್ಲಿ ಹೆಣ್ಣು ಹೊತ್ತೊಯ್ಯುವ ವಸ್ತುವಿನಂತೆ ಕಾಣುತ್ತಾಳೆಂದು ಕಿರಿಯ ಓದುಗರು ಹೇಳುವುದು ಸುಳ್ಳಲ್ಲ. ಕುವೆಂಪು ಅವರ ಬಗ್ಗೆ ನನಗೆ ಅಪಾರ ಗೌರವವಿದ್ದರೂ, ತಿಮ್ಮಿಗೆ ಇನ್ನಷ್ಟು ಪುಟಗಳು ಸಲ್ಲಬೇಕಾಗಿತ್ತು ಎಂದು ಪ್ರತಿ ಓದಿನಲ್ಲಿಯೂ ಅನ್ನಿಸುತ್ತದೆ. ಐತ ಮತ್ತು ಪೀಂಚಲು ಎಂಬ ಇನ್ನೊಂದು ಜೋಡಿಯಲ್ಲಿ ಈ ಕೊರತೆ ನೀಗಿದೆ. ಘಟ್ಟದ ಕೆಳಗಿನಿಂದ ಬಂದ ಈ ಕೂಲಿ ದಂಪತಿಗಳ ಮುನಿಸು, ಸಲಿಗೆ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಬಗೆ ಎಷ್ಟು ಸಹಜವಾಗಿದೆಯೆಂದರೆ, ನಮ್ಮ ಗುಂಪಿನಲ್ಲಿ ಮತಕ್ಕೆ ಹಾಕಿದ್ದರೆ ಅವರೇ ಗೆಲ್ಲುತ್ತಿದ್ದರು.

ಭಾಷೆಯ ಬಗ್ಗೆ ನೀವು ಹೆದರಬೇಕಾಗಿಲ್ಲ. ನಾವು ಜಿಗಣೆ ಎನ್ನುವುದನ್ನು ಕಾದಂಬರಿಯ ಜನ ಉಂಬಳ ಎನ್ನುತ್ತಾರೆ. ಮಳೆಗೆ ಹೊದೆಯುವ ಕಂಬಳಿಕೊಪ್ಪೆ, ಕಾಡಿನ ಪೊದೆಯಾದ ಹಳು, ಅಡಕೆತೋಟ ಇವೆಲ್ಲ ನಮಗೆ ಹೊರಗಿನವಲ್ಲ. ಬಯಲುಸೀಮೆಯವರಾದರೆ ಮೊದಲ ಐವತ್ತು ಪುಟ ತುಸು ತಡವರಿಸುವಂತಾಗಬಹುದು, ಅಷ್ಟೇ. 2010ರಲ್ಲಿ ಮೈಸೂರಿನ ರಂಗಾಯಣದವರು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿದ್ದರು. ಅದನ್ನು ನೋಡಿದ ನಮ್ಮ ಸದಸ್ಯರೊಬ್ಬರು ಕಥೆಯ ಜಾಡು ಸುಲಭವಾಗಿ ಹಿಡಿದರು, ಆದರೆ ಕಾಡಿನ ಮೌನ ಪುಸ್ತಕದಲ್ಲಿಯೇ ಹೆಚ್ಚು ಎಂದರು.

ಕೊನೆಯ ಭಾಗದಲ್ಲಿ ಗುತ್ತಿ, ತಿಮ್ಮಿ ಮತ್ತು ಹುಲಿಯ ಮಳೆಗಾಲದ ತುಂಗೆಯ ದಡಕ್ಕೆ ಬರುತ್ತಾರೆ. ನಾವು ಆ ಅಧ್ಯಾಯ ಓದಿದ ವಾರ ಲಕ್ಷ್ಮಣತೀರ್ಥ ತುಂಬಿ ರಸ್ತೆಯ ಮೇಲೆ ನೀರು ಹರಿಯುತ್ತಿದ್ದುದರಿಂದ ಇಬ್ಬರು ಬರಲಾಗಿರಲಿಲ್ಲ. ಅವರಿಗಾಗಿ ಕಾಯೋಣವೆಂದು ಹಿರಿಯ ಶಿಕ್ಷಕಿ ಹೇಳಿದರೂ ಯಾರಿಗೂ ತಾಳ್ಮೆ ಇರಲಿಲ್ಲ. ನದಿಯ ಭಾಗ ಬಂದಾಗ ಓದುತ್ತಿದ್ದ ಬೆಳೆಗಾರರು, ಮೂರನೆಯ ವಾರದಲ್ಲಿ ಬೇಸರಪಟ್ಟುಕೊಂಡವರೇ, ನಡುವೆ ನಿಲ್ಲಿಸಿ ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟುಬಿಟ್ಟರು. ಏನಾಗುತ್ತದೆಂದು ನಾನು ಇಲ್ಲಿ ಬರೆಯುವುದಿಲ್ಲ, ನೀವೇ ಓದಬೇಕು.

ಓದಲು ತೊಡಗುವಾಗ ಒಂದು ಚೀಟಿಯಲ್ಲಿ ಮನೆವಾರು ಹೆಸರುಗಳನ್ನು ಬರೆದಿಟ್ಟುಕೊಳ್ಳಿ: ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು, ಹಳೆಮನೆ. ಯಾವ ಒಡೆಯರಿಗೆ ಯಾವ ಆಳು, ಯಾರ ಮನೆಯ ಹೆಣ್ಣು ಯಾವ ಮನೆಗೆ ಎಂಬುದು ಅದರಿಂದ ಬೇಗ ತಿಳಿಯುತ್ತದೆ. ನಮ್ಮ ಚೀಟಿ ಇನ್ನೂ ಆ ಪುಸ್ತಕದೊಳಗೇ ಇದೆ. ಅದರಲ್ಲಿ ಒಡೆಯರ ಹೆಸರುಗಳ ಮೇಲೆ, ಎಲ್ಲಕ್ಕಿಂತ ಮೊದಲು, ಆ ಹುಡುಗಿಯ ಕೈಬರಹದಲ್ಲಿ ಗುತ್ತಿ ಮತ್ತು ತಿಮ್ಮಿ ಎಂದು ಬರೆದಿದೆ.